ಕೇಳಿದವರಿಗೆ ಮಾತ್ರ

ಮುಚ್ಚಿಡಬೇಕಾದವು ಮೂರು ಎಂದು ಅತ್ತೆ ಬೆಳಿಗ್ಗೆಯೇ ತೀರ್ಮಾನಿಸಿದ್ದರು: ಸ್ಪ್ರಿಂಗು ಹೊರಗೆ ಬಂದ ಸೋಫಾ, ಹಜಾರದ ಗೋಡೆಯಲ್ಲಿ ನೀರು ಸೋರಿದ ಕಲೆ, ಮತ್ತು ಔಸ್. ಮೂರನೆಯದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಸೋಫಾಕ್ಕೆ ಕಂಬಳಿ ಹೊದಿಸಿ, ಕಲೆಯ ಮೇಲೆ ಕಾಬಾದ ಚಿತ್ರ ತೂಗುಹಾಕಿ, ಸೊಂಟಕ್ಕೆ ಕೈಕೊಟ್ಟು ನಿಂತು ಮೊಮ್ಮಗನ ಕಡೆ ಒಂದು ಸಲ ನೋಡಿದ್ದರು, ಅಷ್ಟೇ. "ಇವನನ್ನ ನಾನು ಹಿಂದಿನ ಕೋಣೇಲಿ ಕೂರಿಸ್ತೀನಿ ಅತ್ತೆ" ಎಂದವಳು ಖುಲೂದ್. ಯಾರೂ ಕೇಳಿರಲಿಲ್ಲ. ಈ ಮನೆಯಲ್ಲಿ ಯಾರೂ ಏನನ್ನೂ ಕೇಳಬೇಕಾಗಿಯೇ ಇರಲಿಲ್ಲ; ಕೇಳುವ ಮೊದಲೇ ಕೊಡುವುದು ಮನೆತನದ ಮರ್ಯಾದೆ. ಅತ್ತೆ ಹಿಗ್ಗಿ, "ನೀನು ಚಿನ್ನದಂಥ ಹೆಣ್ಣು ಕಣೇ" ಎಂದು ಅವಳ ಕೆನ್ನೆ ಹಿಂಡಿದರು. ಆ ಹಿಂಡಿದ ಕೆನ್ನೆ ಮಧ್ಯಾಹ್ನದವರೆಗೂ ಉರಿಯುತ್ತಿದ್ದಂತೆ ಖುಲೂದಳಿಗೆ ಅನಿಸಿತು. ಏಲಕ್ಕಿ ಕುಟ್ಟುತ್ತಾ ಅವಳು ತನ್ನನ್ನು ತಾನೇ ಬೈದುಕೊಂಡಳು. ಥೂ, ಎಂಥ ತಾಯಿ ನೀನು, ಮಗನನ್ನು ತಟ್ಟೆಯಲ್ಲಿಟ್ಟು ಕೊಟ್ಟೆಯಲ್ಲೇ.

ನಾದಿನಿ ರನೀಮಳನ್ನು ಕೇಳಲು ಸಂಜೆ ಗಂಡಿನ ಕಡೆಯ ಹಿರಿಯರು ಬರುವವರಿದ್ದರು. ಕೇಳುವುದೇನು ಬಂತು, ಎಲ್ಲಾ ಮುಗಿದುಹೋಗಿತ್ತು. ಬಂಗಾರ ಎಷ್ಟು, ಮದುವೆ ಎಂದು, ಮಂಚ ಯಾವ ಅಂಗಡಿಯದು ಎನ್ನುವುದೂ ಗೊತ್ತಾಗಿತ್ತು. ಉಳಿದದ್ದು ನಾಟಕ. ನಾಟಕಕ್ಕೆ ಮುಖ್ಯ ಪಾತ್ರಧಾರಿಯಾಗಿ ಗಂಡಿನವರು ಒಬ್ಬ ನಿವೃತ್ತ ಸೇನಾಧಿಕಾರಿಯನ್ನು ಹಿಡಿದುಕೊಂಡು ಬರುತ್ತಿದ್ದರು. ಇಡೀ ಇರ್ಬಿದ್ ಪಟ್ಟಣ ಅವನನ್ನು ಪಾಷಾ ಎಂದು ಕರೆಯುತ್ತಿತ್ತು. ಯುದ್ಧದಲ್ಲಿ ಆತ ಏನು ಮಾಡಿದನೋ ದೇವರಿಗೇ ಗೊತ್ತು, ನಿವೃತ್ತನಾದ ಮೇಲೆ ಮಾತ್ರ ಬೇರೆಯವರ ಪರವಾಗಿ ವಾರಕ್ಕೆರಡು ಹೆಣ್ಣುಗಳನ್ನು ಕೇಳಿ ಗೆದ್ದುಕೊಂಡು ಬರುತ್ತಿದ್ದ. ಆದರೂ ಅತ್ತೆಗೆ ಅಳುಕಿತ್ತು, ಅದಕ್ಕೆ ಕಾರಣವೂ ಇತ್ತು. ಹೋದ ವರ್ಷ ಒಂದು ಸಂಬಂಧ ಇದೇ ಹಂತಕ್ಕೆ ಬಂದಿತ್ತು. ಗಂಡಿನ ಅಕ್ಕ ಒಳಗೆ ಬಂದಾಗ ಔಸ್ ಹಜಾರದ ನಡುವೆ ನಿಂತು, ಫ್ಯಾನಿನ ಕಡೆ ಮುಖವೆತ್ತಿ, ಎರಡೂ ಕೈಗಳನ್ನು ಪಟಪಟ ಬಡಿಯುತ್ತಿದ್ದ. ಆಕೆ ನಕ್ಕಳು, ಮುದ್ದು ಮಾಡಿದಳು, ಹೆಸರೇನು ಎಂದು ಕೇಳಿದಳು, ಮತ್ತೆ ಕೇಳಿದಳು. ಮರುದಿನ ಫೋನು ಬಂತು. ಹುಡುಗನಿಗೆ ಕೊಲ್ಲಿಯ ಕಡೆ ಕೆಲಸ ಸಿಕ್ಕಿಬಿಟ್ಟಿದೆ, ಸದ್ಯಕ್ಕೆ ಮದುವೆ ಬೇಡವಂತೆ. ಆ ಹುಡುಗ ಈಗಲೂ ಬಸ್ ನಿಲ್ದಾಣದ ಹತ್ತಿರ ಟೈರು ಮಾರುತ್ತಿದ್ದಾನೆ. ರನೀಮ್ ಬೈದಿದ್ದರೆ ಖುಲೂದಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಔಸ್ ಅಡುಗೆಮನೆಯ ನೆಲದ ಮೇಲೆ ಕೂತು ಉಪ್ಪಿನಕಾಯಿ ಭರಣಿಯನ್ನು ದಿಟ್ಟಿಸುತ್ತಿದ್ದ. ಟರ್ನಿಪ್ ಗಡ್ಡೆಯನ್ನು ಬೀಟ್‌ರೂಟಿನ ಜೊತೆ ಹುಳಿನೀರಲ್ಲಿ ನೆನೆಸಿದ ಗುಲಾಬಿ ಬಣ್ಣದ ಉಪ್ಪಿನಕಾಯಿ. ಲೋಕದ ಮಕ್ಕಳೆಲ್ಲಾ ಚಾಕೊಲೇಟಿಗೆ ಬಾಯಿ ಬಿಡುತ್ತಾರೆ, ಇವನಿಗೆ ಈ ಹಾಳು ಗಡ್ಡೆಯೇ ಆಗಬೇಕು. ಮಿಸ್ ಸೌಸನಳ ಮಾತಿನ ತರಬೇತಿಯ ಕೋಣೆ ಆರು ವರ್ಷಗಳಿಂದ ಹುಳಿ ನಾರುತ್ತಿರುವುದೂ ಇದರಿಂದಲೇ. ಮೂರು ವರ್ಷದ ಮಗುವನ್ನು ಮೊದಲ ದಿನ ಎತ್ತಿಕೊಂಡು ಹೋದಾಗ ಸೌಸನ್ ಬಿಸ್ಕತ್ತು ಹಿಡಿದಳು, ಬಲೂನು ಹಿಡಿದಳು, ಸೋಪಿನ ಗುಳ್ಳೆ ಊದಿದಳು. ಇವನು ಆಕೆಯ ಊಟದ ಡಬ್ಬಿಯಿಂದ ಗಡ್ಡೆಯ ಚೂರನ್ನು ಎಗರಿಸಿದ. "ಸಿಕ್ಕಿಬಿದ್ದ ಕಳ್ಳ!" ಎಂದು ಸೌಸನ್ ಚಪ್ಪಾಳೆ ತಟ್ಟಿದಳು. ಅವತ್ತಿನಿಂದ ಒಂದೇ ಪಾಠ. ಕೊಡುವವಳು ಚೂರನ್ನು ತನ್ನ ಗಲ್ಲದ ಪಕ್ಕ ಹಿಡಿಯುವುದು, ತಲೆ ಓರೆ ಮಾಡುವುದು, ರಾಗವಾಗಿ ಕೇಳುವುದು: ಏನು ಬೇಕು? ಅವನು ಕೈ ಚಾಚಿದರೆ ಕೊಡುವಂತಿಲ್ಲ. ಅತ್ತರೂ ಕೊಡುವಂತಿಲ್ಲ. ಬಾಯಿಂದ ಏನಾದರೂ ಬರಬೇಕು, ಒಂದು ಬ ಆದರೂ ಸರಿ. ಬಂತೋ, ತಕ್ಷಣ ಕೊಡಬೇಕು. "ಇದು ವ್ಯಾಪಾರ ಅಲ್ಲ, ಔಸನ ಅಮ್ಮಾ" ಎನ್ನುತ್ತಿದ್ದಳು ಸೌಸನ್, ಬೆರಳು ನೆಕ್ಕಿಕೊಳ್ಳುತ್ತಾ. "ಮಾತಾಡಿದ್ರೆ ಲೋಕ ಅಲ್ಲಾಡುತ್ತೆ ಅಂತ ಅವನಿಗೆ ಗೊತ್ತಾಗಬೇಕು. ಕೇಳಿದಾಗ ಒಂದು ಸಲ ಕೊಡದೇ ಹೋದ್ರೂ ನಾವು ಸುಳ್ಳುಗಾರರಾಗ್ತೀವಿ." ಬ ಬರಲು ಒಂದು ಚಳಿಗಾಲ ಹೋಯಿತು. ಬೇಕು ಎಂಬುದಕ್ಕೆ ಇನ್ನೆರಡು. ಈಗ ಒಂಬತ್ತು ವರ್ಷದವನು, ಹಾಲುಹಲ್ಲು ಬಿದ್ದ ಜಾಗದಲ್ಲಿ ದೊಡ್ಡ ಹಲ್ಲು ಕಾಣುತ್ತಿದೆ. ಎದುರಿಗೆ ಗಡ್ಡೆ ಹಿಡಿದು, ‘ನನಗೆ’ ಎಂದು ಮಾತು ಎತ್ತಿಕೊಟ್ಟರೆ, ‘ಬೇಕು’ ಎಂದು ಮುಗಿಸುತ್ತಾನೆ. ಗಡ್ಡೆ ಹಿಡಿಯದೆ ಇದ್ದರೆ ಏನೂ ಇಲ್ಲ.

ಅತ್ತೆಗೆ ಇದು ಹರಾಮಿನ ವಿದ್ಯೆ. "ನಮ್ಮಪ್ಪನ ಗುಡಾರಕ್ಕೆ ಶತ್ರು ಬಂದ್ರೂ ಮೂರು ದಿನ ಯಾಕೆ ಬಂದೆ ಅಂತ ಕೇಳ್ತಿರಲಿಲ್ಲ, ಉಣ್ಣೋಕಿಟ್ಟು ಸುಮ್ಮನಿರ್ತಿದ್ರು. ನೀನು ಹೆತ್ತ ಮಗೂನ ರೊಟ್ಟಿಗೆ ಭಿಕ್ಷೆ ಬೇಡಿಸ್ತೀಯಾ?" ಒಂದು ಇಡೀ ರಮ್ಜಾನು ಖುಲೂದ್ ರೊಟ್ಟಿ ಕೈಯಲ್ಲಿ ಹಿಡಿದು ಅವನ ಮುಂದೆ ನಿಂತಿದ್ದಳು, ಹಸಿದ ಹೊಟ್ಟೆಯ ತಾಯಿ, ಹಸಿದ ಹೊಟ್ಟೆಯ ಮಗ, ಇಬ್ಬರೂ ಒಬ್ಬರ ಬಾಯನ್ನೊಬ್ಬರು ನೋಡುತ್ತಾ. ಅವಳ ಕಣ್ಣು ತಪ್ಪಿಸಿ ಅತ್ತೆ ಅವನ ಬಾಯಿಗೆ ಖರ್ಜೂರ ತುರುಕುತ್ತಿದ್ದರು. ನಾಲಿಗೆ ತೆರೆದುಕೊಳ್ಳುತ್ತದೆಂದು ಯಾರೋ ಹೇಳಿದ್ದು ಕೇಳಿ ಒಮ್ಮೆ ಮಸೀದಿಯ ಕೀಲಿಕೈಯನ್ನೇ ತಂದು ಅವನ ಬಾಯೊಳಗಿಟ್ಟು ತಿರುಗಿಸಿದ್ದರು. ಅವನು ಕಚ್ಚಿ ಹಿಡಿದುಕೊಂಡ, ಇಮಾಮರೇ ಬಂದು ಬಿಡಿಸಬೇಕಾಯಿತು. ಅತ್ತೆಯನ್ನು ಬೈಯಲು ಖುಲೂದಳಿಗೆ ಮನಸ್ಸಿರಲಿಲ್ಲ. ಅವರು ಕೊನೇಪಕ್ಷ ಏನಾದರೂ ತುರುಕುತ್ತಿದ್ದರು. ತಾನೋ, ಕಳೆದ ಗುರುವಾರ ಸೌಸನಳ ಮೆಟ್ಟಿಲಿಳಿಯುತ್ತಾ, ಇವನು ಕೈ ಕೊಸರಿಕೊಂಡು ರಸ್ತೆಗೆ ನುಗ್ಗಿದಾಗ, ಒಂದು ಕ್ಷಣ ಹಿಡಿಯದೆ ನಿಂತಿದ್ದಳು. ಟ್ಯಾಕ್ಸಿಯವನು ಬ್ರೇಕು ಹಾಕಿ ಅವಳ ವಂಶವನ್ನೆಲ್ಲಾ ಜಾಲಾಡಿದ. ಅವಳು ತಪ್ಪಾಯ್ತಣ್ಣ ಎಂದಳು. ಯಾವುದಕ್ಕೆ ತಪ್ಪಾಯ್ತು ಎಂದಳೆಂದು ಟ್ಯಾಕ್ಸಿಯವನಿಗೆ ಗೊತ್ತಾಗುವಂತಿರಲಿಲ್ಲ.

ಇಳಿಮಧ್ಯಾಹ್ನ, ಅಸರ್ ನಮಾಜಿನ ಹೊತ್ತಿಗೆ, ಅವನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಚಿತ್ರ ನೋಡಲು ಟ್ಯಾಬ್ಲೆಟ್ಟು ಕೊಟ್ಟಳು, ಬಟ್ಟಲು ತುಂಬಾ ಗಡ್ಡೆಯ ಚೂರು ಇಟ್ಟಳು. ಒಂದನ್ನೂ ಅವನ ಬಾಯಿಂದ ಕೇಳಿಸದೆ, ಎಲ್ಲವೂ ಪುಕ್ಕಟೆ. ಅವನು ಬಟ್ಟಲನ್ನೂ ನೋಡಿದ, ಅವಳ ಗಲ್ಲವನ್ನೂ ನೋಡಿದ. ಇವತ್ತು ಪಾಠ ಇಲ್ಲವೇ ಎನ್ನುವ ಹಾಗೆ. "ತಿನ್ನು ರಾಜ, ನನ್ನ ಜೀವ, ಈಗ ಬಂದೆ" ಎಂದು ಅವಳು ಹೊರಬಂದು ಕೀಲಿ ತಿರುಗಿಸಿದಳು. ಕೀಲಿ ತಿರುಗಿದ ಸದ್ದಿಗೆ ಅವಳ ಭುಜಗಳು ತಾವಾಗಿಯೇ ಸಡಿಲಾದವು. ಆ ಹಾಯಾದದ್ದೇ ಅವಳಿಗೆ ಅಸಹ್ಯವಾಯಿತು. ಆದರೆ ಹಾಯಾದದ್ದಂತೂ ನಿಜ, ಸುಳ್ಳು ಹೇಳಿ ಏನು ಮಾಡುವುದು.

ಅವರು ಬಂದರು. ಒಂದರ ಹಿಂದೊಂದು ಕಾರು, ಬೀದಿ ತುಂಬಾ ಹಾರನ್ನು, ಕೋಟು ತೊಟ್ಟ ಗಂಡಸರ ಹಿಂಡು. ಗಂಡಿನಪ್ಪ, ಗಂಡಿನ ಮಾವಂದಿರು, ಯಾರಿಗೂ ಸಂಬಂಧವಿಲ್ಲದ ಹಲ್ಲಿನ ಡಾಕ್ಟರೊಬ್ಬ, ನಡುವೆ ಬಿಳಿ ಮೀಸೆಯ ಪಾಷಾ. ಖುಲೂದಳ ಗಂಡ ಮುನೀಫ್ ಬಾಗಿಲಲ್ಲಿ ನಿಂತು ಎಲ್ಲರ ಕೆನ್ನೆಗೂ ಮುತ್ತಿಟ್ಟು ಸುಸ್ತಾಗಿದ್ದ. ಹಜಾರದ ಈಚೆ, ಕೋಣೆಗಳ ನಡುವಿನ ಓಣಿಯ ಪರದೆಯ ಹಿಂದೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಇಣುಕುತ್ತಿದ್ದರು. ಸಕ್ಕರೆಯಿಲ್ಲದ ಕಾಫಿಯ ಮೊದಲ ಬಟ್ಟಲು ಪಾಷಾನ ಮುಂದಿನ ಪುಟ್ಟ ಮೇಜಿಗೆ ಬಂತು. ಅವನು ಅದನ್ನು ಮುಟ್ಟದೆ ಕೂತ. ಹೆಣ್ಣು ಕೇಳಲು ಬಂದವನು ಕುಡಿಯುವ ಹಾಗಿಲ್ಲ. ಈ ಕಡೆಯ ಹಿರಿಯ "ಕುಡೀರಿ, ನೀವು ಬಂದ ಕೆಲಸ ಆಯ್ತು" ಅಂದ ಮೇಲೆಯೇ ಮೊದಲ ಗುಟುಕು. ಅದಕ್ಕೆ ಮುಂಚೆ ಬಾಯಿಗಿಟ್ಟನೋ, ಹೆಣ್ಣಿಗಲ್ಲ ಕಾಫಿಗೆ ಬಂದ ಮನುಷ್ಯ ಎಂದು ಊರೆಲ್ಲಾ ಆಡಿಕೊಳ್ಳುತ್ತದೆ. ಈ ಕಡೆಯ ಹಿರಿಯ, ಮುನೀಫನ ದೊಡ್ಡಪ್ಪ ಅಬು ಘಾಲಿಬ್. ಅವರು ಉತ್ತರದ ಭಾಷಣವನ್ನು ಒಂದು ವಾರದಿಂದ ಕನ್ನಡಿಯ ಮುಂದೆ ಉರು ಹೊಡೆದಿದ್ದರು.

ಉಳಿದವರ ಬಟ್ಟಲುಗಳ ತಟ್ಟೆ ಹೊತ್ತು ಖುಲೂದ್ ಓಣಿಯಲ್ಲಿ ಬರುತ್ತಿದ್ದಳು. ಹಿಂದಿನ ಕೋಣೆಯ ಮುಂದೆ ಬಂದಾಗ ಒಳಗಿನಿಂದ ಕೇಳಿಸಿತು: "ನನಗೆ ಬಾಗಿಲು ಬೇಕು."

ಖುಲೂದ್ ನಿಂತಳು. ಯಾರೂ ಗಡ್ಡೆ ಹಿಡಿದಿರಲಿಲ್ಲ. ಯಾರೂ ನನಗೆ ಎಂದು ಎತ್ತಿಕೊಟ್ಟಿರಲಿಲ್ಲ. ಮೂರೂ ಪದ, ಒಂದರ ಹಿಂದೊಂದು, ಅವನದೇ ದೊರಗು ಗಂಟಲಲ್ಲಿ. ಆರು ವರ್ಷ ಇದಕ್ಕಾಗಿಯೇ ಅಲ್ಲವೇ ಅವಳು ಬಸ್ಸು ಹತ್ತಿದ್ದು, ಬಾಗಿಲುಗಳನ್ನು ಕಾದದ್ದು, ಅತ್ತೆಯ ಬಾಯಿಗೆ ಬಿದ್ದದ್ದು? ಈ ಮಾತು ಬಂದರೆ ಹೇಗೆ ಕೂಗಬೇಕು, ಸೌಸನಳಿಗೆ ಯಾವ ಸಿಹಿ ಕೊಂಡೊಯ್ಯಬೇಕು ಎಂದೆಲ್ಲಾ ಯೋಚಿಸಿಟ್ಟಿದ್ದಳು. ಪರದೆಯ ಹತ್ತಿರ ನಿಂತಿದ್ದ ಅತ್ತೆ ತಿರುಗಿ ನೋಡಿದರು. ಹುಬ್ಬು ಮೇಲೇರಿತು. ಖುಲೂದ್ ಬಾಗಿಲ ಸಂದಿಗೆ ಬಾಯಿಟ್ಟು, "ಶ್... ಆಮೇಲೆ, ಕಂದಾ, ಆಮೇಲೆ" ಎಂದಳು. "ನನಗೆ ಬಾಗಿಲು ಬೇಕು" ಎಂದ ಅವನು ಮತ್ತೆ, ಇನ್ನೂ ಸ್ಪಷ್ಟವಾಗಿ. ಹೇಳಿದ್ದು ಸರಿಯಾಗಿರಲಿಲ್ಲವೇನೋ ಎಂದು ತಿದ್ದಿಕೊಂಡವನಂತೆ. ಅವಳು ತಟ್ಟೆ ಹೊತ್ತು ಮುಂದೆ ಹೋದಳು. ಕಾಲುಗಳು ನಡೆದವು, ಅವಳು ಅವುಗಳ ಹಿಂದೆ ಹೋದಳು.

ಪಾಷಾ ಶುರು ಹಚ್ಚಿಕೊಂಡಿದ್ದ. ಆದಮನಿಂದ ಹಿಡಿದು ಒಬ್ಬೊಬ್ಬ ಪ್ರವಾದಿಯನ್ನೂ ಮಾತಾಡಿಸಿಕೊಂಡು, ಎರಡೂ ಮನೆತನಗಳ ಉದಾರತೆ, ಕತ್ತಿ, ಕುದುರೆ, ಆಲಿವ್ ಮರಗಳನ್ನೆಲ್ಲಾ ಹೊಗಳಿ, ಒಂದು ಸುತ್ತು ಮುಗಿಸಿ ಮತ್ತೆ ಕುದುರೆಗೇ ಬಂದಿದ್ದ. ಹಲ್ಲಿನ ಡಾಕ್ಟರು ಆಕಳಿಸುತ್ತಿದ್ದ. ಬಂದದ್ದು ಯಾಕೆಂದು ಮಾತ್ರ ಇನ್ನೂ ಬಾಯಿಗೆ ಬಂದಿರಲಿಲ್ಲ. ಅಷ್ಟರಲ್ಲಿ ಯಾರೋ ಪರದೆಯನ್ನು ಸರಿಸಿಕೊಂಡು ಹೋದ ಹಾಗಾಯಿತು. ಅತ್ತೆ "ಯಾ ವೈಲೀ! ನನ್ನ ಮನೆ ಹಾಳಾಯ್ತು!" ಎಂದು ಎದೆ ಹಿಡಿದುಕೊಂಡರು. ಹಜಾರದ ನಡುವೆ ಔಸ್ ನಡೆಯುತ್ತಿದ್ದ. ನೀಲಿ ಪೈಜಾಮ, ಗುಲಾಬಿ ಬೆರಳು, ಉಬ್ಬಿದ ಜೇಬು. ಅಷ್ಟೂ ಗಂಡಸರು ಅವನಿಗೆ ಕುರ್ಚಿಗಳಿದ್ದ ಹಾಗೆ. ಖುಲೂದ್ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಳು, ಆಚೆ ಕಾಲಿಡಲು ಆಗಲಿಲ್ಲ.

ಅವನು ಮೇಜಿನ ಮುಂದೆ ನಿಂತ. ಮುಟ್ಟದೆ ಇಟ್ಟಿದ್ದ ಬಟ್ಟಲನ್ನು ನೋಡಿದ, ಬಟ್ಟಲನ್ನೇ ನೋಡುತ್ತಾ ಏನೇನೋ ಹೇಳುತ್ತಿದ್ದ ದೊಡ್ಡ ಮನುಷ್ಯನನ್ನು ನೋಡಿದ. ಅವನಿಗೆ ತಿಳಿಯದ್ದು ಅಲ್ಲಿ ಏನೂ ಇರಲಿಲ್ಲ. ಬಟ್ಟಲೆತ್ತಿ ತನ್ನ ಗಲ್ಲದ ಪಕ್ಕ ಹಿಡಿದು, ತಲೆ ಓರೆ ಮಾಡಿ, ರಾಗವಾಗಿ ಕೇಳಿದ: "ಏನು ಬೇಕು?"

ಸೌಸನಳ ದನಿ. ಸೌಸನಳ ಕತ್ತು. ಕೊನೆಯಲ್ಲಿ ಹುಬ್ಬನ್ನು ಕೊಂಚ ಎತ್ತುವುದೂ ಸೌಸನಳದೇ. ಪಾಷಾ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕು, "ಮಾಶಾ ಅಲ್ಲಾ! ಯಾರಪ್ಪ ಈ ಸಿಂಹ? ನೋಡು ಮಗಾ, ನಾವು ಬಂದಿರೋದು ಏನಪ್ಪಾ ಅಂದ್ರೆ, ಎರಡು ಗೌರವಸ್ಥ ಮನೆತನಗಳ ನಡುವೆ..." ಎಂದು ಎಳೆಯತೊಡಗಿದ.

"ಉಹುಂ" ಎಂದ ಔಸ್. "ಪೂರ್ತಿ ಹೇಳು. ನನಗೆ..."

"ನನಗೆ..." ಎಂದ ಪಾಷಾ. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು.

"ಬೇಕು" ಎಂದು ಔಸ್ ತಾಳ್ಮೆಯಿಂದ ಎತ್ತಿಕೊಟ್ಟ.

"ಆಯ್ತಪ್ಪಾ, ನನಗೆ ಕಾಫಿ ಬೇಕು!"

"ಶಾಭಾಷ್!" ಔಸ್ ಬಟ್ಟಲನ್ನು ಅವನ ಕೈಗಿಟ್ಟ, ಚಪ್ಪಾಳೆ ತಟ್ಟಿದ, ಜೇಬಿನಿಂದ ಗಡ್ಡೆಯ ಚೂರೊಂದನ್ನು ತೆಗೆದು ಪಾಷಾನ ಇನ್ನೊಂದು ಅಂಗೈಗೆ ಒತ್ತಿದ. ಹುಳಿನೀರು ಬಿಳಿ ಅಂಗಿಯ ತೋಳಿನೊಳಕ್ಕೆ ಇಳಿಯಿತು. "ಕುಡಿ" ಎಂದ.

ಪಾಷಾನ ಜೀವನದಲ್ಲಿ ಇಂಥ ಇಕ್ಕಟ್ಟು ಬಂದಿರಲಾರದು. ಕುಡಿದರೆ ಗಂಡಿನ ಕಡೆಯ ಮಾನ ಹೋಯಿತು. ಕುಡಿಯದಿದ್ದರೆ ಈ ಹುಡುಗ ಬಿಡುವ ಹಾಗೆ ಕಾಣಲಿಲ್ಲ. ಔಸನ ಕೆಳತುಟಿ ಮೇಲೇರತೊಡಗಿತ್ತು. ಅದರ ಹಿಂದೆ ಬರುವ ಕಿರುಚಾಟಕ್ಕೆ ಕಿಟಕಿಯ ಗಾಜು ಅದುರುವುದೆಂದು ಮನೆಯವರಿಗೆಲ್ಲಾ ಗೊತ್ತು. ಅಬು ಘಾಲಿಬ್ ಧಡಕ್ಕನೆ ಎದ್ದು ನಿಂತರು. ವಾರದಿಂದ ಉರು ಹೊಡೆದ ಭಾಷಣದ ಒಂದಕ್ಷರವೂ ನಾಲಿಗೆಗೆ ಬರಲಿಲ್ಲ. "ಕುಡೀರಿ ಪಾಷಾ, ಕುಡಿದುಬಿಡಿ, ದೇವರಾಣೆ, ಹುಡುಗಿ ನಿಮ್ಮೋಳೇ, ತಗೊಂಡ್ ಹೋಗಿ!" ಎಂದರು. ಪಾಷಾ ಒಂದೇ ಗುಟುಕಿಗೆ ಕುಡಿದು, ಆ ಗಡಿಬಿಡಿಯಲ್ಲಿ ಗಡ್ಡೆಯನ್ನೂ ಬಾಯಿಗೆ ಹಾಕಿಕೊಂಡ. ಹಜಾರ ಬಿದ್ದು ಬಿದ್ದು ನಕ್ಕಿತು. ಗಂಡಿನಪ್ಪ ಕಣ್ಣೊರೆಸಿಕೊಳ್ಳುತ್ತಾ, "ಪಾಷಾ, ನಿಮ್ಮ ಬಾಯಿ ಮುಚ್ಚಿಸಿದವನನ್ನ ಇವತ್ತೇ ನೋಡಿದ್ದು" ಎಂದ. ಸಂಬಂಧ ಗಟ್ಟಿಯಾಯಿತೆಂದು ಅಂಗೈ ಬಿಚ್ಚಿ ಎಲ್ಲರೂ ಫಾತಿಹಾ ಓದಿದರು, ಪರದೆಯ ಹಿಂದೆ ಹೆಂಗಸರು ಉಲುಲು ಎಂದು ಗಂಟಲು ಹರಿದುಕೊಂಡರು.

ಖುಲೂದ್ ನಕ್ಕಳು, ನಗುನಗುತ್ತಲೇ ಮಗನನ್ನು ದಿಟ್ಟಿಸಿದಳು. ಆರು ವರ್ಷ ಇವನು ಫ್ಯಾನು ನೋಡುತ್ತಾ ಕೂತಿದ್ದಾನೆಂದು ಅಂದುಕೊಂಡದ್ದಲ್ಲವೇ. ಕೂತು ತಾಯಿಯನ್ನೂ ಸೌಸನಳನ್ನೂ ಕಲಿಯುತ್ತಿದ್ದ, ಅವರ ಕತ್ತು, ಹುಬ್ಬು, ಉಹುಂ, ಎಲ್ಲವನ್ನೂ. ಕೇಳುವ ಪಾತ್ರ ಯಾವಾಗಲೂ ಅವನದು, ಕೊಡುವ ಪಾತ್ರ ಅವರಿಬ್ಬರದು. ಅದು ಎಷ್ಟು ಬೇಸರ ತರಿಸಿರಬೇಕು ಎಂದು ಅವಳಿಗೆ ಮೊದಲ ಸಲ ಅನಿಸಿತು. ಪಕ್ಕದಲ್ಲಿ ರನೀಮ್ ನಿಂತಿದ್ದಳು, ಮದುಮಗಳ ಮುಖದ ಬಣ್ಣ ನಗುವಿನಿಂದ ಕದಡಿಹೋಗಿತ್ತು. "ಬಾಗಿಲು ತೆಗೆದದ್ದು ನಾನೇ ಅತ್ತಿಗೆ" ಎಂದಳು ಮೆಲ್ಲಗೆ. "ಅಷ್ಟು ಚೆನ್ನಾಗಿ ಕೇಳಿದ. ಕೇಳಿದ ತಕ್ಷಣ ಕೊಡಬೇಕು ಅಂತ ನೀವೇ ತಾನೆ ನಮಗೆಲ್ಲಾ ಬಡಕೊಂಡಿದ್ದು?"

"ಮದುವೆ ಮುರಿದಿದ್ರೆ?"

"ಮುರಿದಿದ್ರೆ ಮುರೀತಿತ್ತು. ಇನ್ನೊಬ್ಬ ಟೈರು ಮಾರ್ತಿದ್ದ." ರನೀಮ್ ಭುಜ ಕುಣಿಸಿದಳು. "ಪಾಪ, ಎಷ್ಟು ಹೊತ್ತಿಂದ ಕೇಳ್ತಿದ್ನೋ. ನಿಮಗೆ ಕೇಳಿಸಲಿಲ್ವಾ?"

"ಇಲ್ಲ" ಎಂದಳು ಖುಲೂದ್. ಎಷ್ಟು ಸಲೀಸಾಗಿ ಬಂತು ಆ ಮಾತು.

ಆಮೇಲಿನ ಗಂಟೆಯೆಲ್ಲಾ ಔಸನ ದರಬಾರು. ಗಂಡಸರು ಅವನ ತಲೆಯ ಮೇಲೆ ಕೈಯಿಟ್ಟು, ಕುನಾಫಾ ಎಂಬ ಸಿಹಿ ತಿನ್ನಿಸಿ ಹೊರಟುಹೋದರು. ಮುನೀಫ್ ಅಡುಗೆಮನೆಗೆ ಬಂದು ಬಾಗಿಲ ಹಿಂದೆ ನಿಂತು ಗಳಗಳ ಅತ್ತ. "ಮಾತಾಡಿದ ಕಣೇ ನನ್ನ ಮಗ, ಅಷ್ಟು ಜನರ ಮುಂದೆ" ಎಂದ. ಅತ್ತೆ ಫೋನಿನಲ್ಲಿ ಕೂತು ಊರಿಗೆಲ್ಲಾ ಡಂಗುರ ಹೊಡೆಯುತ್ತಿದ್ದರು: ತಮ್ಮ ಮೊಮ್ಮಗ ಪಾಷಾನಿಗೆ ಹೇಗೆ ನೀರು ಕುಡಿಸಿದ, ತಾವೇ ಅವನನ್ನು ಹೇಗೆ ಹಜಾರಕ್ಕೆ ಕಳಿಸಿದರು. ಸೌಸನಳಿಗೆ ಫೋನು ಮಾಡು ಎಂದು ಮುನೀಫ್ ಮೂರು ಸಲ ಹೇಳಿದ. ಮಾಡ್ತೀನಿ ಎಂದು ಖುಲೂದ್ ಪಾತ್ರೆ ತೊಳೆದಳು. ಮಾಡಿದರೆ ಸೌಸನ್ ಮೊದಲು ಕೇಳುವುದೇ, ತಾನಾಗೇ ಕೇಳಿದನಾ, ನೀವೇನು ಮಾಡಿದ್ರಿ ಎಂದು. ಅವಳು ಅದೇ ಪಾತ್ರೆಯನ್ನು ಇನ್ನೊಮ್ಮೆ ತೊಳೆದಳು.

ಸೂರ್ಯ ಮುಳುಗುವ ಹೊತ್ತಿಗೆ ಕರೆಗಂಟೆ ಹೊಡೆಯಿತು. ಈಗ ಗಂಡಿನ ಕಡೆಯ ಹೆಂಗಸರ ಸರದಿ, ಹೂವು, ಉಂಗುರ, ಸಿಹಿಯ ತಟ್ಟೆ. ಔಸ್ ಹಜಾರದ ಸೋಫಾದಲ್ಲಿ ಸ್ಪ್ರಿಂಗಿನ ಮೇಲೆಯೇ ಕುಣಿಯುತ್ತಿದ್ದ. ಗಂಟೆಯ ಸದ್ದಿಗೆ ಕುಣಿಯುವುದನ್ನು ನಿಲ್ಲಿಸಿದ. ಇಳಿದ. ಟ್ಯಾಬ್ಲೆಟ್ಟನ್ನು ಕಂಕುಳಿಗಿಟ್ಟುಕೊಂಡ, ಖಾಲಿ ಬಟ್ಟಲನ್ನು ಎತ್ತಿಕೊಂಡ, ಯಾರೂ ಹೇಳದೆ, ಯಾರೂ ಕೈ ಹಿಡಿಯದೆ, ಓಣಿಯುದ್ದಕ್ಕೂ ನಡೆದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ.

ಖುಲೂದ್ ಒದ್ದೆ ಕೈಯಲ್ಲೇ ಹಿಂದೆ ಹೋದಳು. ಬಾಗಿಲ ಆಚೆ ಅವನ ಉಸಿರು ಹತ್ತಿರದಲ್ಲೇ ಕೇಳುತ್ತಿತ್ತು. ಅವನು ಏನನ್ನೋ ಕಾಯುತ್ತಿದ್ದ. ಕಾದು ಕಾದು, ಬಾರದಿದ್ದಾಗ, ಸ್ಪಷ್ಟವಾಗಿ ಹೇಳಿದ: "ನನಗೆ ಕೀಲಿ ಬೇಕು."

ಒಂದು ಬ ಕಲಿಯಲು ಇಡೀ ಚಳಿಗಾಲ ತೆಗೆದುಕೊಂಡವನು ಅತಿಥಿ ಬಂದರೆ ಒಳಗೆ ಹೋಗಿ ಕೀಲಿ ಹಾಕಿಸಿಕೊಳ್ಳುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತುಬಿಟ್ಟಿದ್ದ. ಗಡ್ಡೆಯಿಲ್ಲದೆ, ಚಪ್ಪಾಳೆಯಿಲ್ಲದೆ. ಎಂಥ ಒಳ್ಳೆಯ ಮೇಷ್ಟರು ತಾನು! ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಕೀಲಿಕೈ ಬಾಗಿಲಲ್ಲೇ ನೇತಾಡುತ್ತಿತ್ತು. ಕೇಳಿದ್ದನ್ನು ತಕ್ಷಣ ಕೊಡಬೇಕು. ಅವಳು ಅದನ್ನು ಕಿತ್ತು ಲಂಗದ ಜೇಬಿಗೆ ಹಾಕಿಕೊಂಡು, ಬಾಗಿಲನ್ನು ಪೂರ್ತಿ ತೆರೆದು ಒಳಗೆ ಹೋಗಿ ನೆಲದ ಮೇಲೆ ಕೂತಳು.

"ನನಗೆ ಕೇಳಿಸಿತ್ತು ಔಸ್" ಎಂದಳು. "ಎರಡು ಸಲಾನೂ ಕೇಳಿಸಿತ್ತು."

ಅವನು ಅವಳ ಗಲ್ಲವನ್ನು ನೋಡಿದ, ಅಲ್ಲಿ ಏನೂ ಇರಲಿಲ್ಲ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತ. ಅವಳು ಎದ್ದು ತೆರೆದಳು. ಅವನು ಮತ್ತೆ ಎದ್ದು ಮುಚ್ಚಿದ, ಸಿಟ್ಟಿಲ್ಲದೆ, ಪಾಠ ಒಪ್ಪಿಸುವವನಂತೆ.

"ಖುಲೂದ್! ಎಲ್ಲಿ ಸತ್ತೆಯೇ?" ಅತ್ತೆಯ ಪಿಸುಗುಟ್ಟುವಿಕೆ ಓಣಿಯಲ್ಲಿ ಹರಿದಾಡಿತು. "ಗಂಡಿನ ತಾಯಿ ಬಂದು ಕೂತಿದಾರೆ! ಕಾಫಿ ಎಲ್ಲಿ? ನಿನ್ನನ್ನ ಕೇಳ್ತಿದಾರೆ, ಹುಡುಗನನ್ನೂ ಕೇಳ್ತಿದಾರೆ!"

"ಕಾಫಿ ನೀವೇ ಕೊಡಿ ಅತ್ತೆ" ಎಂದು ಖುಲೂದ್ ಹಜಾರಕ್ಕೂ ಕೇಳಿಸುವ ಹಾಗೆ ಕೂಗಿದಳು. "ನನಗಿಲ್ಲಿ ಕೆಲಸ ಇದೆ. ತುಂಬಾ ವರ್ಷ ಹಿಡಿಯುತ್ತೆ."

ಆಮೇಲೆ ಎದ್ದು ಹೋಗಿ ಬಾಗಿಲು ತೆರೆದಳು.